ಮನೆಯಿಂದಲೇ ಬರುತ್ತಿದ್ದ ಓದುಗ

ತಮ್ಮ ವೆಬ್‌ಸೈಟಿನ ಪಾಸ್‌ವರ್ಡನ್ನು ಮೇಡಂ ನನಗೆ ಹೇಳಲಿಲ್ಲ. ಎಡಗೈಯನ್ನು ಕೀಬೋರ್ಡಿಗೆ ಅಡ್ಡ ಹಿಡಿದು, ಬಲಗೈಯ ಒಂದೇ ಬೆರಳಿನಿಂದ ತಾವೇ ಒಂದೊಂದಾಗಿ ಒತ್ತಿದರು. ಮುಗಿದ ಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ಇನ್ನು ನೋಡಬಹುದು ಎಂದರು.

ಜೆ.ಪಿ. ನಗರದ ಮೂರನೇ ಹಂತದಲ್ಲಿ ಅವರದೊಂದು ಕ್ಲಿನಿಕ್ಕು. ಕಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಶ್ರವಣಯಂತ್ರ ಹೊಂದಿಸಿಕೊಡುತ್ತಾರೆ. ಕೆಳಗೆ ಕ್ಲಿನಿಕ್ಕು, ಮೇಲೆ ಅವರ ಮನೆ. ಅರವತ್ತು ದಾಟಿದ ಹೆಂಗಸು. ಗಂಜಿ ಹಾಕಿದ ಹತ್ತಿ ಸೀರೆ, ಎದುರಿನವರ ತುಟಿಯನ್ನೇ ನೋಡುತ್ತಾ ಮಾತಾಡುವ ಅಭ್ಯಾಸ. ವರ್ಷಗಟ್ಟಲೆ ಕಿವಿ ಮಂದವಾದವರ ಜೊತೆ ಕಳೆದದ್ದರಿಂದ ಬಂದ ಅಭ್ಯಾಸವಿರಬೇಕು. ಆದರೆ ನನಗೆ ಮಾತ್ರ, ನಾನು ಹೇಳಿದ್ದಕ್ಕಿಂತ ಬೇರೇನನ್ನೋ ಅವರು ನನ್ನ ಬಾಯಲ್ಲಿ ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು.

ನನ್ನ ಕೆಲಸ ಸರಳ. ಸಣ್ಣಪುಟ್ಟ ವ್ಯಾಪಾರದವರ ವೆಬ್‌ಸೈಟುಗಳಿಗೆ ಎಷ್ಟು ಜನ ಬಂದರು, ಯಾವ ಪುಟ ಓದಿದರು, ಎಷ್ಟು ಹೊತ್ತು ನಿಂತರು ಎಂಬುದನ್ನು ಲೆಕ್ಕವಿಡುವ ವ್ಯವಸ್ಥೆಯನ್ನು ಕೂಡಿಸಿಕೊಡುವುದು. ಅನಲಿಟಿಕ್ಸ್ ಎನ್ನುತ್ತಾರೆ. ಬನಶಂಕರಿಯ ಒಂದು ಬೇಕರಿಗೆ, ಉತ್ತರಹಳ್ಳಿಯ ಡ್ರೈವಿಂಗ್ ಶಾಲೆಗೆ, ಬಿ.ಟಿ.ಎಂ.ನ ಒಂದು ನೃತ್ಯ ತರಗತಿಗೆ ಮಾಡಿಕೊಟ್ಟಿದ್ದೇನೆ. ಹೊಸ ಖಾತೆ ತೆರೆದು ಎಲ್ಲವನ್ನೂ ಜೋಡಿಸುವುದು ಅರ್ಧ ದಿನದ ಕೆಲಸ. ಮೇಡಂ ಅವರದಕ್ಕೆ ಏಳು ವಾರ ಹಿಡಿಯಿತು.

ಅದಕ್ಕೆ ಕಾರಣ ಮೊದಲ ದಿನವೇ ಸಿಕ್ಕಿತು. ಲೆಕ್ಕವಿಡುವ ನಮ್ಮ ಕೋಡನ್ನು ಸೇರಿಸಲೆಂದು ಸೈಟಿನ ಒಳಭಾಗ ತೆರೆದರೆ ಅಲ್ಲಿ ಆಗಲೇ ಅಂಥದೇ ಒಂದು ಕೋಡು ಕೂತಿತ್ತು. ಎರಡು ವರ್ಷದ ಹಿಂದೆ ಸೈಟು ಕಟ್ಟಿಕೊಟ್ಟವನು ತನ್ನ ಸ್ವಂತ ಖಾತೆಯ ಕೋಡನ್ನು ಹಾಕಿಕೊಂಡಿದ್ದ. ಬಂದುಹೋದವರ ಲೆಕ್ಕವೆಲ್ಲ ಅವನಿಗೇ ಹೋಗುತ್ತಿತ್ತು. ಹಾಗೆ ಮಾಡಿ ಮರೆತುಬಿಡುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನೇ ಹೇಳಿದೆ.

"ಮರೆತುಹೋಗಿದ್ದು ಆಮೇಲೆ. ಹಾಕುವಾಗ ತನ್ನ ಹೆಸರಲ್ಲೇ ಯಾಕೆ ಹಾಕ್ಕೊಂಡ?" ಎಂದು ಕೇಳಿದರು.

ಹಳೆಯ ಕೋಡನ್ನು ಅವರ ಎದುರೇ ಅಳಿಸಿದೆ. ಅವರು ಕನ್ನಡಕ ಏರಿಸಿಕೊಂಡು, ಅಳಿಸಿದ ಜಾಗ ನಿಜವಾಗಿ ಖಾಲಿಯಾಗಿದೆಯೇ ಎಂದು ನೋಡಿದರು. ಆಮೇಲೆ ತಮ್ಮ ಷರತ್ತು ಹೇಳಿದರು. ಕೆಲಸವೆಲ್ಲ ಇಲ್ಲೇ, ತಮ್ಮ ಕಣ್ಣೆದುರೇ ಆಗಬೇಕು. ಮಂಗಳವಾರ ಮತ್ತು ಶುಕ್ರವಾರ, ಹತ್ತರಿಂದ ಒಂದರವರೆಗೆ. ಏನು ಮಾಡಿದರೂ ಯಾಕೆ ಎಂದು ಹೇಳಿ ಮಾಡಬೇಕು. ಕೊನೆಗೆ ಒಂದು ಪ್ರಶ್ನೆ.

"ನನ್ನ ಪೇಷಂಟ್ ಯಾರು ಅಂತ ಇದ್ರಲ್ಲಿ ಗೊತ್ತಾಗುತ್ತಾ? ಕಿವಿ ಕೇಳ್ಸಲ್ಲ ಅಂತ ಹೇಳ್ಕೊಳಕ್ಕೆ ಜನ ಎಷ್ಟು ನಾಚ್ಕೋತಾರೆ ಅಂತ ನಿಮಗೆ ಗೊತ್ತಿಲ್ಲ."

ಇಲ್ಲ ಮೇಡಂ, ಹೆಸರು ಬರಲ್ಲ, ಮುಖ ಬರಲ್ಲ, ಬರೀ ಸಂಖ್ಯೆ, ಎಂದೆ. ಆ ಮಾತನ್ನು ನಾನು ಎಲ್ಲ ಗಿರಾಕಿಗಳಿಗೂ ಹೇಳುತ್ತೇನೆ. ಹೇಳುವಾಗ ಅದು ಸುಳ್ಳು ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಹೊಸ ಖಾತೆಯನ್ನು ಅವರ ಹೆಸರಿನಲ್ಲೇ ತೆರೆದೆ. ಕೆಲಸ ಮುಗಿಯುವವರೆಗೆ ಎಂದು ಒಪ್ಪಿಸಿ ನನ್ನ ಹೆಸರನ್ನೂ ಸೇರಿಸಿಕೊಂಡೆ. ಭಾರತದ ಸಮಯ, ಸೈಟಿನ ವಿಳಾಸ, ಕೋಡು, ಎಲ್ಲ ಸೇರಿಸಿದ ಮೇಲೆ ನನ್ನ ಫೋನಿನಲ್ಲಿ ಸೈಟು ತೆರೆದೆ. ಸದ್ಯ ಯಾರಿದ್ದಾರೆ ಎಂದು ತೋರಿಸುವ ಪರದೆಯಲ್ಲಿ "ಒಂದು" ಎಂದು ಬಂತು. ಮೇಡಂ ನನ್ನ ಫೋನನ್ನೂ ಲ್ಯಾಪ್‌ಟಾಪನ್ನೂ ಒಂದಾದ ಮೇಲೊಂದು ನೋಡಿ, ಎದ್ದು ಹೊರಗೆ ಹೋಗಿ, ರಿಸೆಪ್ಷನ್ನಿನ ಹುಡುಗಿಯ ಫೋನಿನಲ್ಲೂ ತೆರೆಸಿದರು. ಎರಡಾಯಿತು. ಆದರೆ ಆ ಹುಡುಗಿ ಚೆನ್ನೈನಲ್ಲಿದ್ದಾಳೆ ಎಂದು ಪರದೆ ತೋರಿಸಿತು. ಅವಳು ಮಡಿವಾಳದಿಂದ ದಿನಾ ಬಸ್ಸಿನಲ್ಲಿ ಬರುವವಳು. ಮೊಬೈಲ್ ಕಂಪನಿಯ ಸಂಪರ್ಕ ಚೆನ್ನೈ ಮೂಲಕ ಹಾದುಬಂದರೆ ಹೀಗಾಗುತ್ತದೆ, ಊರಿನ ವಿಷಯದಲ್ಲಿ ಇದನ್ನು ಪೂರ್ತಿ ನಂಬಬಾರದು ಎಂದು ವಿವರಿಸಿದೆ. ಮೇಡಂ ಒಂದು ನೋಟ್‌ಬುಕ್ಕಿನಲ್ಲಿ "ಊರು ಸುಳ್ಳು" ಎಂದು ಬರೆದುಕೊಂಡರು.

ಇನ್ನೊಂದು ಕೆಲಸ ಉಳಿದಿತ್ತು. ಕ್ಲಿನಿಕ್ಕಿನವರು, ಕೆಲಸ ಮಾಡುವ ನಾನು, ದಿನಕ್ಕೆ ಹತ್ತು ಸಲ ಸೈಟು ತೆರೆಯುತ್ತೇವೆ. ಅದೆಲ್ಲ ಗಿರಾಕಿಗಳ ಲೆಕ್ಕಕ್ಕೆ ಸೇರಬಾರದು. ಅದಕ್ಕಾಗಿ ಎರಡು ಕಡೆಯ ಇಂಟರ್ನೆಟ್ಟಿನ ಸಂಖ್ಯೆಗಳನ್ನು ಕೊಟ್ಟು ಒಂದೊಂದಕ್ಕೆ ಒಂದೊಂದು ಗುರುತು ಹಚ್ಚಿದೆ. ಅವರದಕ್ಕೆ "ಕ್ಲಿನಿಕ್", ನನ್ನದಕ್ಕೆ "ಮನೆ". ಆ ಕಡೆಯ ವೈಫೈಯಿಂದ ಯಾರು ಸೈಟು ತೆರೆದರೂ ಆ ಗುರುತು ಬೀಳುತ್ತದೆ. ಮೊದಲ ಒಂದು ವಾರ ಈ ಜರಡಿಯನ್ನು, ಎಂದರೆ ಫಿಲ್ಟರನ್ನು, ಪರೀಕ್ಷೆಯಲ್ಲಿ ಇಡುವುದು ವಾಡಿಕೆ. ಆಗ ಗುರುತು ಬಿದ್ದ ಭೇಟಿಗಳು ಕಾಣುತ್ತಲೇ ಇರುತ್ತವೆ, ಸರಿಯಾಗಿ ಹಿಡಿಯುತ್ತಿದೆಯೇ ಎಂದು ನೋಡಬಹುದು. ಆಮೇಲೆ ಜಾರಿಗೆ ತಂದರೆ, ಅವು ಬಾಗಿಲಲ್ಲೇ ಬಿದ್ದುಹೋಗುತ್ತವೆ. ಮತ್ತೆ ಯಾರಿಗೂ ಸಿಗುವುದಿಲ್ಲ.

ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿ, ಮೊದಲ ಮಹಡಿ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಮನೆಯಲ್ಲಿ ನಾನು, ನನ್ನ ಗಂಡ. ಅವರು ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದಾರೆ. ಮೇಡಂ ಸೈಟಿಗೆ ಕನ್ನಡದಲ್ಲೂ ಕೆಲವು ಪುಟಗಳಿರಲಿ ಎಂದು ಹೇಳಿ ಬರೆಸಿದಾಗ, ನಾನು ಅವನ್ನು ಮನೆಗೆ ತಂದು ಇವರ ಕೈಗೆ ಕೊಟ್ಟಿದ್ದೆ. ಪೆನ್ಸಿಲ್ ಹಿಡಿದು ತಿದ್ದಿದರು. "ಏಕಪಾರ್ಶ್ವ ಶ್ರವಣದೋಷ" ಎಂದಿದ್ದನ್ನು ಹೊಡೆದು "ಒಂದೇ ಕಿವಿ ಮಂದವಾದರೆ" ಎಂದು ಬರೆದರು. ಜನ ಹಾಗೆಯೇ ಹೇಳುವುದು ಎಂದರು. ಮೇಡಂಗೆ ಆ ತಿದ್ದುಪಡಿ ಹಿಡಿಸಿತು. ಯಾರು ತಿದ್ದಿದ್ದು ಎಂದು ಎರಡು ಸಲ ಕೇಳಿದರು.

ಅದೇ ದಿನಗಳಲ್ಲಿ ನನಗೆ ಗಂಡನ ಬಗ್ಗೆ ಬೇರೆಯೇ ಒಂದು ಸಂಶಯ ಶುರುವಾಗಿತ್ತು. ಫೋನು ಬಂದರೆ ಟೆರೇಸಿಗೆ ಹೋಗಿ ಮಾತಾಡುತ್ತಿದ್ದರು. ಮೊದಲು ಸೋಫಾದ ಮೇಲೆ ಒರಗಿಕೊಂಡೇ ಊರೆಲ್ಲ ಕೇಳುವಂತೆ ಮಾತಾಡುತ್ತಿದ್ದವರು. ನಾನು ಏನಾದರೂ ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಿದ್ದರು, ಅರ್ಧ ಗಂಟೆ ಬಿಟ್ಟು ಅದನ್ನೇ ನನ್ನನ್ನು ಕೇಳುತ್ತಿದ್ದರು. ಒಂದು ದಿನ, ಫ್ಯಾನಿನ ಗಾಳಿ ಸರಿಯಾಗಿ ಬರುತ್ತಿಲ್ಲ ಎಂದು ನೆಪ ಹೇಳಿ ಮಂಚದಲ್ಲಿ ತಮ್ಮ ಬದಿಯನ್ನೇ ಬದಲಿಸಿಕೊಂಡರು. ಇಪ್ಪತ್ತು ವರ್ಷ ಒಂದೇ ಬದಿಯಲ್ಲಿ ಮಲಗಿದ ಮನುಷ್ಯ. ನಾನು ಎರಡು ಸಲ, ಏನಾದರೂ ಇದೆಯಾ, ಯಾಕೆ ಹೀಗಿದ್ದೀರಿ ಎಂದು ಕೇಳಿದೆ. ಎರಡು ಸಲವೂ ಉತ್ತರ ಬರಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದು ಏನೋ ಇದೆ ಎಂದುಕೊಂಡೆ. ನಲವತ್ತೆಂಟು ವಯಸ್ಸಿನ ಗಂಡಸು ಫೋನು ಹಿಡಿದು ಟೆರೇಸಿಗೆ ಹೋದರೆ ಹೆಂಡತಿಗೆ ಏನನ್ನಿಸುತ್ತದೋ ನನಗೂ ಅದೇ ಅನ್ನಿಸಿತು.

ಜರಡಿ ಹಾಕಿದ ಮೊದಲ ಶುಕ್ರವಾರ ಕ್ಲಿನಿಕ್ಕಿನಲ್ಲಿ ಕೂತು ವರದಿ ನೋಡುತ್ತಿದ್ದೆ. "ಮನೆ" ಎಂಬ ಗುರುತಿನಡಿ ನಾಲ್ಕು ಭೇಟಿಗಳಿದ್ದವು. ಮೂರು ನನ್ನವು, ಹಿಂದಿನ ಸಂಜೆಯವು. ನಾಲ್ಕನೆಯದು ಮಂಗಳವಾರ ಬೆಳಗ್ಗೆ ಹನ್ನೊಂದರದು. ಮಂಗಳವಾರ ಹನ್ನೊಂದಕ್ಕೆ ನಾನು ಇದೇ ಕುರ್ಚಿಯಲ್ಲಿ ಕೂತಿದ್ದೆ. ಮನೆಗೆ ಬೀಗ ಹಾಕಿತ್ತು. ಗಂಡ ಕಾಲೇಜಿನಲ್ಲಿರಬೇಕಾದ ಹೊತ್ತು.

ಮೇಡಂ ಪಕ್ಕದಲ್ಲೇ ಕೂತಿದ್ದರು. ನಾನು ಬೇರೆ ಪರದೆಗೆ ಹೋದೆ.

ಮೊದಲು ನನ್ನ ಸಂಶಯ ಕೆಳಗಿನ ಮನೆಯವರ ಮೇಲೆ ಹೋಯಿತು. ಅವರ ಇಂಟರ್ನೆಟ್ ಕೆಟ್ಟಾಗ ಒಂದು ಸಲ ನಮ್ಮ ವೈಫೈ ಪಾಸ್‌ವರ್ಡ್ ಕೊಟ್ಟಿದ್ದೆ. ಆ ಮನೆಯ ಹೆಂಗಸಿಗೆ ನಾನು ಏನು ಕೆಲಸ ಮಾಡುತ್ತೇನೆ, ಎಲ್ಲಿಗೆ ಹೋಗುತ್ತೇನೆ ಎಂಬ ಕುತೂಹಲ ಯಾವಾಗಲೂ ಇತ್ತು. ಮನೆಗೆ ಬಂದವಳೇ ಪಾಸ್‌ವರ್ಡ್ ಬದಲಿಸಿದೆ. ಒಂದು ಗಂಟೆಯೊಳಗೆ ಆಕೆ ಮೆಟ್ಟಿಲು ಹತ್ತಿ ಬಂದು, "ಅಕ್ಕ, ನಿಮ್ದೂ ನೆಟ್ ಹೋಗಿದ್ಯಾ?" ಎಂದು ಕೇಳಿದಳು. ಹೋಗಿದೆ ಎಂದೆ. ಕಳ್ಳಿ ಸಿಕ್ಕಳು ಎಂದು ಸಮಾಧಾನವಾಯಿತು. ಹೊಸ ಪಾಸ್‌ವರ್ಡನ್ನು ಗಂಡನಿಗೆ ಮಾತ್ರ ಚೀಟಿಯಲ್ಲಿ ಬರೆದುಕೊಟ್ಟೆ. ಯಾಕೆ ಬದಲಿಸಿದೆ ಎಂದು ಕೇಳಿದರು. ನಿಧಾನ ಆಗಿತ್ತು ಎಂದೆ.

ಮುಂದಿನ ಮಂಗಳವಾರ ಹನ್ನೊಂದೂವರೆಗೆ "ಮನೆ" ಮತ್ತೆ ಬಂತು.

ಈ ಸಲ ವಿವರಗಳನ್ನು ಬಿಡಿಸಿ ನೋಡಿದೆ. ಸಾಧನ ಮೊಬೈಲು. ಫೋನಿನ ಭಾಷೆ ಕನ್ನಡ. ಫೋನನ್ನು ಪೂರ್ತಿ ಕನ್ನಡಕ್ಕೆ ಹಾಕಿಕೊಂಡವರು ನನಗೆ ತಿಳಿದಂತೆ ಒಬ್ಬರೇ. ಯಾವುದೋ ಗುಂಡಿ ಎಲ್ಲಿದೆ ಎಂದು ಕೇಳಿದಾಗೆಲ್ಲ ನನಗೆ ಆ ಫೋನಿನಲ್ಲಿ ಹುಡುಕಲಾಗದೆ ಜಗಳವಾಗುತ್ತಿತ್ತು. ಅದಾದ ಮೇಲೆ ಪುಟದ ಹೆಸರು ನೋಡಿದೆ. "ಒಂದೇ ಕಿವಿ ಮಂದವಾದರೆ". ಹದಿನಾಲ್ಕು ನಿಮಿಷ ಆ ಪುಟದಲ್ಲೇ ಇದ್ದರು. ಅಷ್ಟು ಸಣ್ಣ ಪುಟವನ್ನು, ಅದೂ ತಾವೇ ತಿದ್ದಿದ್ದನ್ನು, ಹದಿನಾಲ್ಕು ನಿಮಿಷ ಯಾರು ಓದುತ್ತಾರೆ?

ಅಲ್ಲಿಗೆ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ ಎಂದೇ ಹೇಳಬೇಕು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಕಾಲೇಜಿಗೆಂದು ಎಂಟೂವರೆಗೆ ಹೊರಟ ಮನುಷ್ಯ, ನಾನು ಮನೆಯಲ್ಲಿಲ್ಲದ ಎರಡೇ ದಿನ, ಮನೆಯಲ್ಲಿ ಏನು ಮಾಡುತ್ತಿದ್ದಾರೆ? ಜೊತೆಗೆ ಯಾರಿದ್ದಾರೆ? ಕಿವಿಯ ಪುಟವನ್ನು ಬಂದವರಿಗೆ ತೋರಿಸುತ್ತಿದ್ದಾರೋ, ಆ ಬಂದವರಿಗೇ ಕಿವಿ ಮಂದವೋ? ಸಂಶಯಕ್ಕೆ ಬುದ್ಧಿ ಕಡಿಮೆ ಅನ್ನಲಾರೆ. ಅದು ಬಹಳ ಬುದ್ಧಿ ಓಡಿಸುತ್ತದೆ, ತಪ್ಪು ದಿಕ್ಕಿನಲ್ಲಿ.

ಜರಡಿಯನ್ನು ಜಾರಿಗೆ ತರುವ ದಿನ ದಾಟಿತು. ನಾನು ತರಲಿಲ್ಲ. ತಂದರೆ "ಮನೆ" ಕಣ್ಮರೆಯಾಗುತ್ತಿತ್ತು. ಇನ್ನೂ ಎರಡು ವಾರ ಅದನ್ನು ಪರೀಕ್ಷೆಯಲ್ಲೇ ಇಟ್ಟು, ಮಂಗಳವಾರ ಶುಕ್ರವಾರ ಮೇಡಂ ಪೇಷಂಟುಗಳನ್ನು ನೋಡಲು ಒಳಗೆ ಹೋದ ಕೂಡಲೇ ಆ ಪರದೆ ತೆರೆದು ಕೂರುತ್ತಿದ್ದೆ. ನನ್ನ ಸ್ವಂತ ಮನೆಯೊಳಗೆ ಏನಾಗುತ್ತಿದೆ ಎಂದು ಇನ್ನೊಬ್ಬರ ಖಾತೆಯ ಕಿಂಡಿಯಿಂದ ನೋಡುತ್ತಿದ್ದೆ. ಮನೆಗೆ ಬಂದರೆ ಗಂಡ ಸಂಜೆ ಐದಕ್ಕೆ, ಬೆವರು ಒರೆಸಿಕೊಳ್ಳುತ್ತಾ, ದಿನವೂ ಬರುವಂತೆಯೇ ಬರುತ್ತಿದ್ದರು. ಕಾಲೇಜು ಹೇಗಿತ್ತು ಎಂದು ಕೇಳಿದರೆ ಇತ್ತು ಹೀಗೇ ಎನ್ನುತ್ತಿದ್ದರು. ನಾನು ತಟ್ಟೆಗೆ ಅನ್ನ ಬಡಿಸುತ್ತಾ, ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರಲ್ಲ ಎಂದುಕೊಳ್ಳುತ್ತಿದ್ದೆ.

ಎರಡನೇ ವಾರದ ಶುಕ್ರವಾರ ಹನ್ನೊಂದು ಇಪ್ಪತ್ತಕ್ಕೆ "ಮನೆ" ಎಂದು ಬಂದದ್ದೇ, ಮೇಡಂ ಬಾಗಿಲು ತಟ್ಟಿ, ತುರ್ತಾಗಿ ಹೋಗಬೇಕು ಎಂದು ಹೇಳಿ ಹೊರಟೆ. ಅವರು ನನ್ನ ಮುಖವನ್ನು ನೋಡಿದರು, ಲ್ಯಾಪ್‌ಟಾಪನ್ನೂ ನೋಡಿದರು. ಆಟೋ ಸಿಕ್ಕಿತು. ಬನಶಂಕರಿ ಬಸ್ ನಿಲ್ದಾಣದ ಸಿಗ್ನಲ್ಲಿನಲ್ಲಿ ನಿಂತಾಗ ಮತ್ತೆ ಫೋನಿನಲ್ಲಿ ವರದಿ ತೆರೆದೆ. ಇನ್ನೂ ಅದೇ ಪುಟದಲ್ಲಿದ್ದರು. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಬೇರೆ ದಾರಿ ಹಿಡಿಯಲಾ ಮೇಡಂ ಎಂದು ಕೇಳಿದ. ಅಷ್ಟು ಅವಸರ ನನ್ನ ಮುಖದಲ್ಲಿ ಇತ್ತೋ ಏನೋ.

ನನ್ನ ಕೀಲಿಯಿಂದ ಬಾಗಿಲು ತೆರೆದೆ. ನಮ್ಮ ಬಾಗಿಲು ಶಬ್ದ ಮಾಡದೆ ತೆರೆಯುವಂಥದ್ದಲ್ಲ. ಗಂಡ ಊಟದ ಮೇಜಿನ ಮುಂದೆ ಕೂತಿದ್ದರು, ಒಬ್ಬರೇ. ಎಡಭಾಗ ನನ್ನ ಕಡೆಗಿತ್ತು. ತಿರುಗಲಿಲ್ಲ. ಮೇಜಿನ ಮೇಲೆ ಫೋನು ಮುಖ ಮೇಲಾಗಿ ಬಿದ್ದಿತ್ತು. ಅವರು ಎಡಗೈಯ ಹೆಬ್ಬೆರಳು ತೋರುಬೆರಳನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಉಜ್ಜುತ್ತಿದ್ದರು. ಸ್ವಲ್ಪ ಹೊತ್ತು ಉಜ್ಜಿ, ಕೈ ಬದಲಿಸಿ, ಬಲಗಿವಿಯ ಹತ್ತಿರ ಅದನ್ನೇ ಮಾಡಿದರು. ಮತ್ತೆ ಎಡಕ್ಕೆ. ಎರಡು ಕಿವಿಗೂ ಒಂದೇ ಸಮ ಕೇಳಿಸುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳುವ ವಿಧಾನ ಅದು. ಆ ವಾಕ್ಯಗಳನ್ನು ಟೈಪು ಮಾಡಿದವಳು ನಾನೇ.

ಚಪ್ಪಲಿ ಬಿಡಲು ಬಗ್ಗಿದಾಗ ಅವರಿಗೆ ನಾನು ಕಂಡೆ. ಕೈ ಸರ್ರನೆ ಕೆಳಗೆ ಬಂತು.

ಆಗ ನಾನು ಹೇಳಬೇಕಾದ ಮಾತು ಬೇರೆ ಇತ್ತು. ಹೇಳಿದ್ದು ಬೇರೆ. ಮೂರು ವಾರದಿಂದ ನನಗೆ ಗೊತ್ತು, ಯಾವ ದಿನ ಎಷ್ಟು ಹೊತ್ತಿಗೆ ಯಾವ ಪುಟ ನೋಡುತ್ತಿದ್ದೀರಿ ಎಂದು ವರದಿಯಲ್ಲಿ ಕಾಣುತ್ತದೆ, ಎಂದುಬಿಟ್ಟೆ. ಹಿಡಿದ ಖುಷಿ ನನ್ನ ದನಿಯಲ್ಲಿ ಇತ್ತು. ಅದು ನನಗೂ ಕೇಳಿಸಿತು.

ಅವರು ಫೋನನ್ನು ಮುಖ ಕೆಳಗಾಗಿ ತಿರುಗಿಸಿಟ್ಟರು. ಆಮೇಲೆ, "ವೈಫೈ ಪಾಸ್‌ವರ್ಡ್ ಬದಲಾಯಿಸಿದ್ದು ಇದಕ್ಕೇನಾ?" ಎಂದರು.

"ನನಗೆ ಹೇಳಬಹುದಿತ್ತಲ್ಲ. ನಾನು ಎರಡು ಸಲ ಕೇಳ್ದೆ. ನೀವು ಉತ್ತರಾನೇ ಕೊಡ್ಲಿಲ್ಲ" ಎಂದೆ.

"ಯಾವ ಕಡೆ ಕೂತ್ಕೊಂಡು ಕೇಳಿದ್ದೆ?"

ಯೋಚಿಸಿದೆ. ನೆನಪಾಗಲಿಲ್ಲ. ಯಾವ ಕಡೆ ಕೂತಿದ್ದೆ ಎಂದು ನೆನಪಿಟ್ಟುಕೊಳ್ಳುವ ಅಗತ್ಯ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಆಮೇಲೆ ಒಂದೊಂದಾಗಿ ಹೇಳಿದರು. ಎರಡು ತಿಂಗಳ ಹಿಂದೆ ನೆಗಡಿಯಾಗಿತ್ತು. ಒಂದು ಬೆಳಗ್ಗೆ ಏಳುವಾಗ ಎಡಗಿವಿಯಲ್ಲಿ ಹತ್ತಿ ತುರುಕಿದಂತಿತ್ತು. ನೆಗಡಿ ಹೋಯಿತು, ಹತ್ತಿ ಹೋಗಲಿಲ್ಲ. ಮಂಗಳವಾರ ಶುಕ್ರವಾರ ಕಾಲೇಜಿನ ದೊಡ್ಡ ಹಾಲಿನಲ್ಲಿ ಎರಡು ಸೆಕ್ಷನ್ನು ಸೇರಿಸಿ ಪಾಠ. ಆರು ಫ್ಯಾನು, ತೊಂಬತ್ತು ಜನ. ಹಿಂದಿನ ಬೆಂಚಿನಿಂದ ಒಬ್ಬಳು ಏನೋ ಕೇಳಿದಳು, ಇವರು ಬೇರೇನೋ ಉತ್ತರ ಕೊಟ್ಟರು. ಹಾಲಿನ ತುಂಬ ನಗು. ಎರಡನೇ ಸಲವೂ ಹಾಗೇ ಆದ ಮೇಲೆ ಆ ಎರಡು ದಿನ ರಜೆ ಹಾಕತೊಡಗಿದರು. ಬೆಳಗ್ಗೆ ಹೊರಟು, ಉದ್ಯಾನದಲ್ಲಿ ಕೂತಿದ್ದು, ನಾನು ಹೋದ ಮೇಲೆ ಮನೆಗೆ ಬಂದು, ನಾನು ಬರುವ ಮೊದಲು ಮತ್ತೆ ಹೊರಡುತ್ತಿದ್ದರು. ಟೆರೇಸಿಗೆ ಹೋಗುತ್ತಿದ್ದದ್ದು ಫೋನಿನ ಸ್ಪೀಕರ್ ಹಾಕಿ ಮಾತಾಡಲು. ಮಂಚದ ಬದಿ ಬದಲಿಸಿದ್ದು, ಮಲಗಿದಾಗ ನಾನು ಬಲಗಿವಿಯ ಕಡೆ ಇರಲಿ ಎಂದು.

ಇದನ್ನು ಅವರು ನನ್ನ ಸಮಾಧಾನಕ್ಕಾಗಿ ಹೇಳಲಿಲ್ಲ. ಆರೋಪಪಟ್ಟಿಗೆ ಉತ್ತರ ಕೊಡುವವರಂತೆ ಹೇಳಿದರು. ಹೇಳಿ ಮುಗಿಸಿ ಫೋನು ತೆಗೆದುಕೊಂಡು, ನನ್ನ ಕಣ್ಣೆದುರೇ ವೈಫೈ ಆರಿಸಿದರು. ವೈದ್ಯರಿಗೆ ತೋರಿಸೋಣ, ಮೇಡಂ ಹತ್ತಿರವೇ ಹೋಗೋಣ ಎಂದೆ. ಆ ಕ್ಲಿನಿಕ್ಕಿಗೆ ತಾನು ಕಾಲಿಡುವುದಿಲ್ಲ ಎಂದರು. ನಾಲ್ಕು ದಿನ ನಮ್ಮಿಬ್ಬರ ನಡುವೆ ಉಪ್ಪು, ನೀರು, ಗ್ಯಾಸು ಬಿಟ್ಟು ಬೇರೆ ಮಾತಿರಲಿಲ್ಲ. ನಾನು ಲ್ಯಾಪ್‌ಟಾಪು ತೆರೆದರೆ ಅವರು ಕೋಣೆ ಬಿಟ್ಟು ಹೋಗುತ್ತಿದ್ದರು.

ಮಂಗಳವಾರ ಕ್ಲಿನಿಕ್ಕಿಗೆ ಹೋದರೆ ಮೇಡಂ ನೋಟ್‌ಬುಕ್ಕು ತೆರೆದಿಟ್ಟುಕೊಂಡು ಕಾಯುತ್ತಿದ್ದರು. ನಾನು ಹೇಳಿಕೊಟ್ಟದ್ದನ್ನೆಲ್ಲ ಅವರು ಬರೆದುಕೊಂಡಿದ್ದರು ಎಂದು ಗೊತ್ತಿತ್ತು. ಅಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದು ಗೊತ್ತಿರಲಿಲ್ಲ.

"ಒಂದು ವಾರ ಪರೀಕ್ಷೆ ಅಂದಿದ್ರಿ. ಮೂರು ವಾರ ದಾಟ್ತು. ಇನ್ನೂ ಪರೀಕ್ಷೇಲೇ ಇದೆ. ಅದರಲ್ಲಿ 'ಮನೆ' ಅಂತ ನೀವು ಇಲ್ಲಿ ಕೂತಿದ್ದಾಗ ಬರುತ್ತೆ. ಯಾರದು?"

ತಾಂತ್ರಿಕ ಕಾರಣ ಏನಾದರೂ ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ನಡೆದದ್ದನ್ನು ಹೇಳಿದೆ. ಎಲ್ಲವನ್ನೂ ಅಲ್ಲ, ನನ್ನ ಬೇರೆ ಸಂಶಯವನ್ನು ಬಿಟ್ಟು. ಅದನ್ನು ಅವರು ತಾವೇ ತಿಳಿದುಕೊಂಡಿರಬಹುದು.

ನನ್ನನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ. ಮೊದಲು ಅವರು ಕೇಳಿದ್ದು ಯಾವಾಗಿನಿಂದ ಎಂದು. ಎರಡು ತಿಂಗಳು ಎಂದೆ. ಪೆನ್ನು ಕೆಳಗಿಟ್ಟರು. ಒಂದೇ ಕಿವಿ ಇದ್ದಕ್ಕಿದ್ದ ಹಾಗೆ ಮಂದವಾದರೆ ಕಾಯಬಾರದು, ಮೊದಲ ಕೆಲವೇ ದಿನಗಳಲ್ಲಿ ಔಷಧ ಸಿಕ್ಕರೆ ಎಷ್ಟೋ ಸಲ ವಾಪಸು ಬರುತ್ತದೆ, ತಡವಾದಷ್ಟೂ ಕಷ್ಟ ಎಂದರು. ಇದನ್ನು ಪುಟದಲ್ಲಿ ಬರೆಸಿದ್ದಾರೆಯೇ ಎಂದು ಅಲ್ಲೇ ತೆರೆದು ನೋಡಿದೆ. ಇತ್ತು, ಕೊನೆಯ ಸಾಲಿನಲ್ಲಿ. ಗಂಡ ಅದನ್ನು ಎಷ್ಟು ಸಲ ಓದಿದ್ದರೋ.

"ನನ್ನ ಹತ್ರಾನೇ ಬರಬೇಕು ಅಂತಿಲ್ಲ. ಯಾರ ಹತ್ರ ಆದ್ರೂ ಸರಿ, ಇವತ್ತೇ ಹೋಗ್ಲಿ. ನೀವು ಹೇಳಿದ್ರೆ ಕೇಳಲ್ಲ ಅಂದ್ರೆ ನನ್ನ ಹೆಸರು ಹೇಳ್ಬೇಡಿ, ಪುಟದಲ್ಲಿ ಇದೆ ಅಂತ ಹೇಳಿ."

ಆಮೇಲೆ ಇನ್ನೊಂದು ವಿಷಯಕ್ಕೆ ಬಂದರು. ಜರಡಿಯನ್ನು ಅವರ ಎದುರೇ ಜಾರಿಗೆ ತಂದೆ. "ಮನೆ" ಎಂಬುದು ವರದಿಯಿಂದ ಹೋಯಿತು. ಖಾತೆಯಲ್ಲಿ ಯಾರಿಗೆಲ್ಲ ಅಧಿಕಾರವಿದೆ ಎಂಬ ಪಟ್ಟಿ ತೆರೆಯಿರಿ ಎಂದರು. ಅಲ್ಲಿ ಎರಡು ಹೆಸರಿದ್ದವು, ಅವರದು, ನನ್ನದು. ನನ್ನದನ್ನು ತೆಗೆಯಲು ಹೇಳಿದರು. ಹೀಗೆ ಮಾಡಿದರೆ ಮುಂದೆ ಏನಾದರೂ ಕೆಟ್ಟರೆ ನಾನು ಹೊರಗಿನಿಂದ ಸರಿಮಾಡಲಾಗುವುದಿಲ್ಲ ಎಂದು ತಿಳಿಸಿದೆ. ಆಗ ಕರೆಯುತ್ತೇನೆ, ಬಂದು ಇಲ್ಲೇ ಕೂತು ಮಾಡಿಕೊಡಿ ಎಂದರು. ನನ್ನ ಹೆಸರನ್ನು ನಾನೇ ಅಳಿಸಿದೆ. ಹಿಂದಿನವನ ಕೋಡನ್ನು ಅಳಿಸುವಾಗ ನಾನು ಎಷ್ಟು ದೊಡ್ಡವಳ ಹಾಗೆ ಕೂತಿದ್ದೆ ಎಂಬುದು ಆಗ ನೆನಪಾಗಿ ಮುಖ ಬಿಸಿಯಾಯಿತು. ಅವನ ಮೇಲಿದ್ದ ಸಂಶಯವನ್ನೇ ನನ್ನ ಮೇಲೂ ಇಟ್ಟರು, ಒಂದು ಗುಂಜಿಯೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ನನಗೆ ಅದರಲ್ಲಿ ತಕರಾರಿಲ್ಲ.

ಮನೆಗೆ ಬಂದು, ಅವರ ಬಲಗಡೆ ಕೂತು, ಮೇಡಂ ಹೇಳಿದ್ದನ್ನು ಹೇಳಿದೆ. ಪುಟದಲ್ಲಿದೆ ಎಂದಷ್ಟೇ ಹೇಳಿ ಬಿಡಲಿಲ್ಲ. ಯಾರು ಹೇಳಿದರು ಎಂಬುದನ್ನೂ ಹೇಳಿದೆ. ಮುಚ್ಚಿಡುವ ಕೆಲಸ ನನಗೆ ಸಾಕಾಗಿತ್ತು. ಗಂಡ ಗೋಡೆ ನೋಡುತ್ತಾ ಕೇಳಿದರು. ತಡವಾಗಿದೆ ಎಂದು ತನಗೆ ಗೊತ್ತು, ಗೊತ್ತಾದ ಮೇಲೇ ಹೋಗಲು ಇನ್ನೂ ಹೆದರಿಕೆಯಾದದ್ದು ಎಂದರು. ಮರುದಿನ ಕಾಲೇಜಿಗೆ ಹೋಗಲಿಲ್ಲ. ಜಯನಗರದ ಒಬ್ಬ ಕಿವಿ ಮೂಗು ಗಂಟಲಿನ ವೈದ್ಯರಲ್ಲಿ ತಾವೇ ಹೊತ್ತು ಗೊತ್ತುಮಾಡಿಕೊಂಡು, ನಾನು ಬೇಕಾದರೆ ಬರಬಹುದು ಎಂದರು. ಬೇಕಾದರೆ ಎಂಬ ಮಾತನ್ನು ನುಂಗಿಕೊಂಡು ಸೀರೆ ಬದಲಿಸಿಕೊಂಡೆ.

ಅಲ್ಲಿ ಹೊಸಬರಿಗೆಂದು ಒಂದು ಅರ್ಜಿ ಕೊಟ್ಟರು. ಹೆಸರು, ವಯಸ್ಸು, ತೊಂದರೆ ಏನು, ಎಷ್ಟು ದಿನದಿಂದ. ಕೊನೆಯಲ್ಲಿ, ನಮ್ಮ ಬಗ್ಗೆ ನಿಮಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆ. ನಾನು ಪಕ್ಕದಲ್ಲಿ ಕೂತಿದ್ದೆ. ಆ ಸಾಲಿಗೆ ಬಂದಾಗ ಅವರು ಅರ್ಜಿಯನ್ನು ಆ ಕಡೆ ತಿರುಗಿಸಿಕೊಂಡು ಬರೆದರು. ಏನು ಬರೆದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಪರೀಕ್ಷೆಯಾಯಿತು. ಬಲಗಿವಿ ಚೆನ್ನಾಗಿದೆ. ಎಡಗಿವಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಔಷಧ ಕೊಟ್ಟು ನೋಡಿದರು. ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಇನ್ನೂ ಬೇಗ ಬಂದಿದ್ದರೆ ಎಂದು ವೈದ್ಯರು ಶುರುಮಾಡಿ, ನಮ್ಮಿಬ್ಬರ ಮುಖ ನೋಡಿ ನಿಲ್ಲಿಸಿದರು. ನಾನು ವರದಿ ನೋಡುತ್ತಾ ಕೂತ ಆ ಮೂರು ವಾರ ಅವರ ವಾಕ್ಯದ ಉಳಿದ ಅರ್ಧದಲ್ಲಿ ಇತ್ತು. ಮೊದಲ ಮಂಗಳವಾರವೇ ಕೇಳಿದ್ದರೂ ತಡವೇ ಆಗಿರುತ್ತಿತ್ತು ಎಂದು ಲೆಕ್ಕ ಹಾಕಿಕೊಂಡಿದ್ದೇನೆ. ಆ ಲೆಕ್ಕ ಸರಿಯೋ ತಪ್ಪೋ ಯಾರನ್ನೂ ಕೇಳಿಲ್ಲ.

ಎಡಗಿವಿಗೆ ಯಂತ್ರ ಬಂತು. ಕಾಲೇಜಿನಲ್ಲಿ ದೊಡ್ಡ ಹಾಲಿನ ಪಾಠಕ್ಕೆ ಮರಳಿ ಹೋದ ದಿನ, ತಮಗೆ ಒಂದು ಕಿವಿ ಮಂದ, ಪ್ರಶ್ನೆ ಇದ್ದವರು ಎದ್ದುನಿಂತು ಜೋರಾಗಿ ಕೇಳಬೇಕು ಎಂದು ಮೊದಲೇ ಹೇಳಿದರಂತೆ. ಆ ದಿನ ಯಾರೂ ಪ್ರಶ್ನೆಯನ್ನೇ ಕೇಳಲಿಲ್ಲವಂತೆ.

ಯಂತ್ರ ಹೊಂದಿಸಿಕೊಂಡು ಬಂದ ಸಂಜೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಕಾಫಿಗೆ ಕೂತೆವು. ಲೋಟಗಳ ಶಬ್ದಕ್ಕೆ ಅವರು ಮುಖ ಸಿಂಡರಿಸುತ್ತಿದ್ದರು. ಆ ಗುರುತು ಹಚ್ಚುವುದು ಹೇಗೆ, ಫೋನಿನ ಭಾಷೆ ಅಲ್ಲಿಗೆ ಹೇಗೆ ಗೊತ್ತಾಗುತ್ತದೆ ಎಂದು ಮೊದಲ ಸಲ ಕೇಳಿದರು. ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ನಾನು ಮನೇಲಿ ಏನ್ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ?" ಎಂದರು.

ಹೇಳಬಾರದು ಎಂದುಕೊಂಡಿದ್ದೆ. ಹೇಳಿಬಿಟ್ಟೆ. ಟೆರೇಸು, ಫೋನು, ಮಂಚದ ಬದಿ, ಎಲ್ಲ ಸೇರಿಸಿ ನಾನು ಕಟ್ಟಿಕೊಂಡಿದ್ದನ್ನು ಹೇಳಿದೆ.

ಲೋಟ ಕೆಳಗಿಟ್ಟರು. ಕೋಪ ಬಂತೇನೋ ಎಂದು ನೋಡಿದೆ. "ಯಾರು ಅಂತ ಅಂದ್ಕೊಂಡಿದ್ದೆ?" ಎಂದು ಕೇಳಿದರು.

ಯಾರು ಎಂಬಲ್ಲಿಯವರೆಗೆ ನಾನು ಹೋಗಿರಲೇ ಇಲ್ಲ ಎಂದೆ. ಈಗ ಯೋಚನೆ ಮಾಡಿ ನೋಡಿದರೂ ಒಬ್ಬಳ ಮುಖವೂ ಹೊಂದಿಕೆಯಾಗುತ್ತಿಲ್ಲ ಎಂದೆ. ಅದನ್ನು ಕೇಳಿ ಅವರ ಮುಖ ಸ್ವಲ್ಪ ಚಿಕ್ಕದಾಯಿತು. ಇನ್ನೊಂದು ಕಾಫಿ ಹೇಳಿದರು, ಒಂದೇ. ಬಂದ ಮೇಲೆ ಅರ್ಧ ನನ್ನ ಲೋಟಕ್ಕೆ ಬಗ್ಗಿಸಿದರು.